ಮುತ್ತರಾಯಪ್ಪನವರ ಹಸಿರು ಮೈನರ್

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ಮತ್ತಿಗಿರಿ ಕನ್ನಡ ಬಳಗದ ಪದಾಧಿಕಾರಿಗಳೇ, ಶಾಲು ಹೊದ್ದು, ಪೇಟ ತೊಟ್ಟು, ಈ ಏಪ್ರಿಲ್ ತಿಂಗಳ ಸೆಕೆಯಲ್ಲಿ ಬೆವರುತ್ತಾ ಕುಳಿತಿರುವ ಇಂದಿನ ಸನ್ಮಾನಿತರೇ, ಮತ್ತು ಫ್ಯಾನಿನ ಕೆಳಗಿನ ಕುರ್ಚಿಗಾಗಿ ಬೇಗನೆ ಬಂದು ಕುಳಿತಿರುವ ಜಾಣ ಸಭಿಕರೇ,

ಸನ್ಮಾನಿತರಾದ ಶ್ರೀ ಹನುಮಂತರಾಯಪ್ಪನವರು ನನ್ನ ಗಂಡ. ಆದರೂ ವೇದಿಕೆಗೊಂದು ಮರ್ಯಾದೆ ಇರುವುದರಿಂದ ನನ್ನ ಮಾತು ಮುಗಿಯುವ ತನಕ ಅವರನ್ನು ಸನ್ಮಾನಿತರು ಎಂದೇ ಕರೆಯುತ್ತೇನೆ. ಅವರಿಗೂ ಒಂದು ಬದಲಾವಣೆಯಾಗಲಿ.

ಈ ದಿನ ಬೆಳಿಗ್ಗೆ ನಮ್ಮ ಕಾರ್ಯದರ್ಶಿಗಳಾದ ಜಯರಾಮಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, "ಟೀಚರ್, ಏನೋ ಎಡವಟ್ಟಾಗಿದೆ. ಕಾರು ಬದಲಾಗಿ ಬಂದಿದೆ. ಮನೆಗೆ ಯಾರನ್ನಾದರೂ ಕಳಿಸಿ ಸರಿಯಾದ್ದು ತರಿಸೋಣ್ವಾ?" ಎಂದರು. ಅವರ ಗಾಬರಿಯಲ್ಲಿ ತಪ್ಪೇನೂ ಇಲ್ಲ. ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯನ್ನು ನೋಡಿ. ಅದರಲ್ಲಿ ಬೂದುಬಣ್ಣದ, ಕನ್ನಡಿಯಂತೆ ಹೊಳೆಯುವ ಒಂದು ಮಾರಿಸ್ ಮೈನರ್ ಕಾರಿನ ಚಿತ್ರವಿದೆ. ಬೆಂಗಳೂರಿನ ಹಳೆಯ ಕಾರುಗಳ ಪ್ರದರ್ಶನದಲ್ಲಿ ಮೊದಲ ಬಹುಮಾನ ಪಡೆದ ಕಾರು ಎಂದು ಕೆಳಗೆ ಬರೆದಿದೆ. ಹೊರಗೆ ಬೇವಿನ ಮರದ ಕೆಳಗೆ ನಿಂತಿರುವುದು ಹಸಿರು ಕಾರು. ಅದಕ್ಕೆ ಬಣ್ಣವನ್ನು ಬ್ರಷ್ಷಿನಲ್ಲಿ ಬಳಿದಿದ್ದಾರೆ. ಎಡಗಡೆ ಮಡ್‌ಗಾರ್ಡಿನಲ್ಲಿ ಒಂದು ತಗ್ಗಿದೆ. ಕಿಟಕಿಗೆ ಪರದೆ ಕಟ್ಟಿದೆ. ಇಂಥ ಕಾರಿಗೆ ಶಾಲು ಹೊದಿಸುವುದು ಹೇಗೆ ಎಂದು ಕಾರ್ಯದರ್ಶಿಗಳು ಯೋಚಿಸಿದ್ದರೆ ಅದು ನ್ಯಾಯವೇ.

ಸಭಿಕರೇ, ಎರಡೂ ಒಂದೇ ಕಾರು. ಅದು ಹೇಗೆ ಎಂದು ವಿವರಿಸುವ ಹೊಣೆಯನ್ನು ಅಧ್ಯಕ್ಷರು ನನಗೆ ವಹಿಸಿದ್ದಾರೆ. ಏಕೆಂದರೆ ಸನ್ಮಾನಿತರು ಮೈಕಿನ ಮುಂದೆ ಮಾತಾಡುವವರಲ್ಲ. ಮೈಕು ಇಲ್ಲದ ಕಡೆಯೂ ಹೆಚ್ಚೇನೂ ಮಾತಾಡುವವರಲ್ಲ.

ಸನ್ಮಾನಿತರು ಮಾಲೂರಿನ ಕಡೆಯವರು. ಕೆಲಸ ಹುಡುಕಿಕೊಂಡು ಹೊಸೂರಿಗೆ ಬಂದು, ವಾಹನಗಳ ಗೇರು ತಯಾರಿಸುವ ಒಂದು ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗಕ್ಕೆ ಸೇರಿ, ಅಲ್ಲೇ ನಿವೃತ್ತರಾದರು. ಇನ್ಸ್‌ಪೆಕ್ಷನ್ ಎಂದರೇನು? ಬೇರೆಯವರು ಮಾಡಿದ ವಸ್ತುವನ್ನು ತಂದು ಅಳೆದು, ನಕ್ಷೆಯಲ್ಲಿರುವಂತೆ ಇಲ್ಲವೆಂದು ಹೇಳಿ ವಾಪಸು ಕಳಿಸುವುದು. ಅದಕ್ಕೆ ಸಂಬಳ ಕೊಡುತ್ತಾರೆ ಎಂಬುದು ಮದುವೆಯಾಗುವವರೆಗೂ ನನಗೆ ತಿಳಿದಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಮುದ್ದೆ ಮಾಡಿ ಬಡಿಸಿದೆ. ಸನ್ಮಾನಿತರು ತಟ್ಟೆಯನ್ನು ಸ್ವಲ್ಪ ದೂರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಎರಡೂ ಒಂದೇ ಸೈಜ್ ಇಲ್ಲ" ಎಂದರು. ಅದರಲ್ಲಿ ದೂರು ಇರಲಿಲ್ಲ, ವರದಿ ಇತ್ತು. ಆಮೇಲೆ ಎರಡನ್ನೂ ತಿಂದರು.

ಇನ್ನು ಕಾರಿನ ವಿಷಯ. ಅದು ನನ್ನ ತಂದೆ ಮುತ್ತರಾಯಪ್ಪನವರದು. ನಮ್ಮೂರು ತೊರಪಲ್ಲಿ ಅಗ್ರಹಾರ. ನಾನು ಚಿಕ್ಕವಳಿದ್ದಾಗ, ವರ್ಗವಾಗಿ ಹೊರಟಿದ್ದ ಒಬ್ಬ ದನದ ಡಾಕ್ಟರರಿಂದ ಅಪ್ಪ ಅದನ್ನು ಕೊಂಡರು. ಆಗ ನಮ್ಮೂರಲ್ಲಿ ಅದೊಂದೇ ಕಾರು. ಅಪ್ಪ ಅದನ್ನು ಮನೆಯ ಮುಂದೆ ನಿಲ್ಲಿಸಿಕೊಂಡು ಮೀಸೆ ತಿರುವಿದವರಲ್ಲ. ಯಾರ ಮನೆಯಲ್ಲಿ ಹೆರಿಗೆ ನೋವು ಬಂದರೂ, ಯಾರಿಗೆ ಹಾವು ಕಚ್ಚಿದರೂ, ಯಾರ ಮದುವೆಗೆ ಹೆಣ್ಣು ಗಂಡಿನ ಮೆರವಣಿಗೆಯಾಗಬೇಕಿದ್ದರೂ ಮುತ್ತರಾಯಪ್ಪನವರ ಮೈನರ್ ಹೋಗಬೇಕು. ಈ ಸಭೆಯಲ್ಲಿ ನಲವತ್ತು ದಾಟಿದ ಕೆಲವರಿದ್ದೀರಿ, ಆಸ್ಪತ್ರೆ ತಲುಪುವ ಮೊದಲೇ ಆ ಕಾರಿನೊಳಗೆ ಹುಟ್ಟಿದವರು. ಹೆಸರು ಹೇಳಿ ಮುಜುಗರ ಮಾಡುವುದಿಲ್ಲ.

ಕಾರು ಊರಿನ ಕೆಲಸಕ್ಕೆ ನಿಂತ ಮೇಲೆ ಊರಿನ ರೂಪವನ್ನೇ ಪಡೆಯಿತು. ತುಕ್ಕು ಹಿಡಿದಾಗ ಅಪ್ಪ ನಮ್ಮೂರಿನ ಆವುಲಪ್ಪನನ್ನು ಕರೆದರು. ಆವುಲಪ್ಪ ಎತ್ತಿನ ಗಾಡಿಗಳಿಗೆ ಬಣ್ಣ ಬಳಿಯುವವನು. ಗಾಡಿಗೆ ಬಳಿದು ಉಳಿದಿದ್ದ ಹಸಿರನ್ನೇ ಕಾರಿಗೂ ಬಳಿದ. ಒಂದು ಸಲ ಎತ್ತು ಹಾಯ್ದು ಎಡಗಡೆ ತಗ್ಗಾಯಿತು. ಕಾರಿನ ಹಾರ್ನು ಕೆಟ್ಟಾಗ ಅಪ್ಪ ಬಾಗಿಲ ಪಕ್ಕ ಒಂದು ರಬ್ಬರು ಬುರುಡೆಯ ಹಾರ್ನು ಕೂರಿಸಿದರು. ಮದುಮಗಳಿಗೆ ನಾಚಿಕೆಯಾಗಬಾರದೆಂದು ಹಿಂದಿನ ಕಿಟಕಿಗಳಿಗೆ ಅಮ್ಮನ ಹಳದಿ ಸೀರೆಯನ್ನು ಕತ್ತರಿಸಿ ಪರದೆ ಕಟ್ಟಿದರು. ನಾನು ಆ ಕಾರಿನಲ್ಲಿ ಕುಳಿತು ಹೊಸೂರಿನ ಹೈಸ್ಕೂಲಿಗೆ ಹೋದವಳು. ನಾನು ಟೀಚರಾಗಿದ್ದರೆ ಅರ್ಧ ಪುಣ್ಯ ಆ ಕಾರಿನದು.

ಅಪ್ಪ ತೀರಿಕೊಂಡ ಮೇಲೆ ಕಾರು ನನ್ನ ತಮ್ಮ ಶ್ರೀನಿವಾಸನ ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಉಳಿಯಿತು. ಸನ್ಮಾನಿತರು ನಿವೃತ್ತರಾದ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಶ್ರೀನಿವಾಸ ಫೋನ್ ಮಾಡಿದ. "ಅಕ್ಕ, ಗುಜ್ರಿಯೋನು ಬಂದವ್ನೆ. ಅಪ್ಪನ ಕಾರು ಕೊಟ್ಬುಡ್ಲಾ? ಒಳಗೆ ಕೋಳಿ ಮೊಟ್ಟೆ ಇಕ್ತಾ ಅವೆ" ಎಂದ. ನಾನು ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಸನ್ಮಾನಿತರ ಕಡೆ ತಿರುಗಿದೆ. ನಿವೃತ್ತಿಯ ಮರುವಾರ ಅದು. ಅವರು ಗೋಡೆಯ ಗಡಿಯಾರವನ್ನು ನೋಡುತ್ತಾ ಕುಳಿತಿದ್ದರು.

"ರೀ, ಅಪ್ಪನ ಕಾರನ್ನು ಮೊದಲು ಹೆಂಗಿತ್ತೋ ಹಂಗೆ ಮಾಡ್ಕೊಡ್ತೀರಾ?" ಎಂದೆ.

ಅವರು ಎದ್ದು ನಿಂತರು. "ಮಾಡ್ತೀನಿ" ಎಂದರು.

ದಯವಿಟ್ಟು ನನ್ನ ಆ ಮಾತನ್ನು ಗಮನಿಸಿ. ಮೊದಲು ಹೆಂಗಿತ್ತೋ ಹಂಗೆ. ನಾನು ಕನ್ನಡ ಪಾಠ ಹೇಳಿದವಳು. ಒಂದು ಪದಕ್ಕೆ ಎರಡು ಅರ್ಥವಿರುತ್ತದೆ ಎಂದು ಮಕ್ಕಳಿಗೆ ಕಲಿಸಿದವಳು. ಆದರೆ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಬಾಳು ಸವೆಸಿದವರಿಗೆ 'ಮೊದಲು' ಎಂಬುದಕ್ಕೆ ಒಂದೇ ಅರ್ಥ. ವಸ್ತು ಕಾರ್ಖಾನೆಯ ಬಾಗಿಲು ದಾಟಿದಾಗ ಹೇಗಿತ್ತೋ ಅದೇ ಮೊದಲು. ಆಮೇಲೆ ಆದದ್ದೆಲ್ಲ ದೋಷ.

ಕಾರು ಲಾರಿಯ ಮೇಲೆ ಅವಲಪಲ್ಲಿಯ ನಮ್ಮ ಮನೆಗೆ ಬಂತು. ಮನೆಯ ಪಕ್ಕಕ್ಕೆ ತಗಡಿನ ಶೆಡ್ ಎದ್ದಿತು. ಅಲ್ಲಿಂದ ಮುಂದೆ ನಾಲ್ಕು ವರ್ಷ ಸನ್ಮಾನಿತರನ್ನು ಕಾಣಬೇಕಾದರೆ ನಾನು ನೆಲದ ಮಟ್ಟದಲ್ಲಿ ನೋಡಬೇಕಾಗಿತ್ತು. ಕಾರಿನಡಿಯಿಂದ ಎರಡು ಪಾದ ಕಾಣುತ್ತಿತ್ತು.

ಅವರು ಬಿಡಿಭಾಗಕ್ಕಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ ಸುತ್ತಿದರು. ಚೆನ್ನೈನ ಪುದುಪೇಟೆ ಸುತ್ತಿದರು. ಈ ಕಾರಿಗೆ ಮಿಣುಕುವ ದೀಪವಿಲ್ಲ. ತಿರುಗಬೇಕಾದಾಗ ಪಕ್ಕದ ಕಂಬದೊಳಗಿಂದ ಕಿತ್ತಳೆ ಬಣ್ಣದ ಒಂದು ಪುಟ್ಟ ಕೈ ಮೇಲೇಳುತ್ತದೆ. ಆ ಕೈಗಾಗಿ ಊಟಿಯವರೆಗೂ ಹೋಗಿಬಂದರು. ಮಗಳು ಸಹನಾಳಿಗೆ ಗಂಡು ನೋಡಲು ಅಷ್ಟು ದೂರ ಹೋಗಿರಲಿಲ್ಲ. ಪುದುಪೇಟೆಯ ಅಂಗಡಿಯವರು "ಸಾರ್, ಇದೇ ಅಳತೆ ಸ್ಕ್ರೂ, ತಲೆ ಮಾತ್ರ ಬೇರೆ, ಯಾರು ಪಾಕ್ಕ ಪೋರಾ?" ಎಂದು ತಮಿಳಿನಲ್ಲಿ ಕೇಳಿದರಂತೆ. ಯಾರು ನೋಡುತ್ತಾರೆ? ನಾನು ನೋಡುತ್ತೇನೆ ಎಂದು ಹೇಳಿ ಸನ್ಮಾನಿತರು ಬರಿಗೈಯಲ್ಲಿ ವಾಪಸು ಬಂದರು. ಬಂಪರ್‌ಗೆ ಹೊಳಪು ಹಾಕಿಸಿ ತಂದಾಗ ಮನೆಯವರೆಲ್ಲ ಚಪ್ಪಾಳೆ ತಟ್ಟಿದೆವು. ಅವರು ಮಾತ್ರ ಮುಖ ಗಂಟಿಕ್ಕಿ, "ಹೊಳಪು ಜಾಸ್ತಿಯಾಯ್ತು. ಆಗಿನ ಕಾಲದ ಹೊಳಪು ಇದಲ್ಲ" ಎಂದು ಮತ್ತೆ ಕಿತ್ತರು. ಇದೇ ನಾಲ್ಕು ವರ್ಷವೂ ನಮ್ಮ ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಅದರ ನಕ್ಷೆ ಸಿಗದಿದ್ದ ಕಾರಣ ಅದನ್ನು ಅವರು ಮುಟ್ಟಲಿಲ್ಲ.

ಹಸಿರನ್ನು ಕೆರೆಯುವ ದಿನ ನಾನು ಕಾಫಿ ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೆ ಹೋದೆ. ಬಾನೆಟ್ಟಿನ ಅರ್ಧ ಆಗಲೇ ಬೋಳಾಗಿತ್ತು. ಹಸಿರು ಚಕ್ಕೆಗಳು ಅವರ ಪಾದದ ಸುತ್ತ ಬಿದ್ದಿದ್ದವು. "ನೋಡು, ಒಳಗಡೆ ಒರಿಜಿನಲ್ ಬಣ್ಣ ಹಂಗೇ ಐತೆ!" ಎಂದರು. ಮಗುವಿಗೆ ಹೊಸ ಹಲ್ಲು ಬಂದಾಗ ತಾಯಿ ಹೇಳುವ ಹಾಗೆ ಹೇಳಿದರು. ನಾನೇನು ಹೇಳಲಿ? ನಿವೃತ್ತರಾದ ಮೇಲೆ ಅವರ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡದ್ದು ಅದೇ ಮೊದಲು. ಕಾಫಿ ಕೊಟ್ಟು ಒಳಗೆ ಬಂದೆ. ಆಮೇಲೆ ತಗ್ಗು ಹೋಯಿತು, ರಬ್ಬರು ಹಾರ್ನು ಹೋಯಿತು, ಹಾರ್ನಿಗೆ ಕೊರೆದಿದ್ದ ತೂತೂ ಮುಚ್ಚಿಹೋಯಿತು. ಪರದೆಯನ್ನು ಅವರು ಮಡಚಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಬೀರುವಿನಲ್ಲಿಟ್ಟೆ.

ಕಳೆದ ವರ್ಷ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರದರ್ಶನ. ತೀರ್ಪುಗಾರರು ಬಿಳಿ ಪ್ಯಾಂಟು ಹಾಕಿಕೊಂಡು ಬಂದು, ಚಾಪೆ ಹಾಸಿಕೊಂಡು ಕಾರಿನಡಿ ಮಲಗಿ ನೋಡಿದರು. ಒಬ್ಬರು ಎದ್ದು, ಬೆನ್ನಿನ ಧೂಳು ಕೊಡವಿಕೊಂಡು, "ಸರ್, ಇದು ಇವತ್ತು ಬೆಳಿಗ್ಗೆ ಕಾರ್ಖಾನೆಯಿಂದ ಹೊರಗೆ ಬಂದ ಹಾಗಿದೆ" ಎಂದರು. ಸನ್ಮಾನಿತರು ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು. ಕನ್ನಡಕ ಶುಭ್ರವಾಗಿಯೇ ಇತ್ತು. ಮೊದಲ ಬಹುಮಾನ ಬಂತು, ಪತ್ರಿಕೆಯಲ್ಲಿ ಚಿತ್ರ ಬಂತು. ಸಂತೋಷವಾಗಲಿಲ್ಲವೇ ಎಂದು ನೀವು ಕೇಳಬಹುದು. ಆಯಿತು. ಖಂಡಿತ ಆಯಿತು.

ಮಾರನೆಯ ಭಾನುವಾರ ಕಾರನ್ನು ಅಮ್ಮನಿಗೆ ತೋರಿಸಲು ತೊರಪಲ್ಲಿಗೆ ಹೋದೆವು. ನನ್ನ ತಾಯಿ ಮುನಿವೆಂಕಟಮ್ಮ. ಎಂಬತ್ತು ದಾಟಿದ್ದಾರೆ. ತಮ್ಮನ ಮನೆಯಲ್ಲಿ ಮೊಮ್ಮಕ್ಕಳನ್ನು ಗದರಿಸಿಕೊಂಡು ಚೆನ್ನಾಗಿದ್ದಾರೆ. ಅಮ್ಮ ಕೋಲೂರಿಕೊಂಡು ಜಗಲಿಗೆ ಬಂದರು.

"ಯಾರೇ ಬಂದಿರೋದು, ಡಾಕ್ಟ್ರಾ?"

"ಅಮ್ಮ, ಅಪ್ಪನ ಕಾರು!"

ಅಮ್ಮ ಕೆಳಗಿಳಿದು ಕಾರನ್ನು ಒಂದು ಸುತ್ತು ಬಂದರು. ಎಡಗಡೆ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು ಸವರಿದರು. ಅಲ್ಲಿ ಏನೂ ಸಿಗಲಿಲ್ಲ. ಬಾಗಿಲ ಪಕ್ಕ ನೋಡಿದರು. ಅಲ್ಲೂ ಏನೂ ಇರಲಿಲ್ಲ.

"ಇದಲ್ಲ ಬುಡು. ನಮ್ದು ಗುಜ್ರಿಗೆ ಹಾಕ್ಬುಟ್ರಾ?" ಎಂದು ಶ್ರೀನಿವಾಸನನ್ನು ಕೇಳಿದರು.

ಸನ್ಮಾನಿತರು ಮುಂದೆ ಬಂದು, "ಅತ್ತೆ, ಅದೇ ಇದು. ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗೆ ಮಾಡಿದೀನಿ" ಎಂದರು.

"ಹಂಗಾ? ಚೆಂದಾಗೈತೆ ಕಣಪ್ಪಾ," ಎಂದು ಅಮ್ಮ ನಯವಾಗಿಯೇ ಹೇಳಿದರು. "ಬೇರೆಯವ್ರ ಕಾರಿದ್ದಂಗೈತೆ."

ಅಷ್ಟು ಹೇಳಿ ಕಾಫಿಗಿಡಲು ಒಳಗೆ ಹೋದರು.

ವಾಪಸು ಬರುವ ದಾರಿಯಲ್ಲಿ ಸನ್ಮಾನಿತರು ಮಾತಾಡಲಿಲ್ಲ. ಅವರು ಮಾತಾಡದಿರುವುದು ವಿಶೇಷವಲ್ಲ, ಆದರೆ ಅಂದು ಗೇರನ್ನು ಸದ್ದಾಗುವಂತೆ ಹಾಕಿದರು. ಮನೆ ತಲುಪಿ ಎಂಜಿನ್ ನಿಲ್ಲಿಸಿ, ಸ್ಟಿಯರಿಂಗ್ ಬಿಡದೆ ಕೇಳಿದರು.

"ನೀನು ಅವತ್ತು ಮೊದಲು ಅಂದಿದ್ದು, ಯಾವಾಗಿನ ಮೊದಲು?"

"ಅಪ್ಪ ಇದ್ದಾಗಿನ ಮೊದಲು" ಎಂದೆ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಖುಷಿಯಾಗಿದ್ರಿ" ಎಂದೆ.

ಅವರು ಇಳಿದು ಶೆಡ್ಡಿನ ಬಾಗಿಲು ಹಾಕಿದರು. ಒಳಗೆ ಬಂದವರು, "ಒಪ್ಪಿಸಿದ ಕೆಲಸ ಒಂದು, ನಾನು ಮಾಡಿದ್ದು ಇನ್ನೊಂದು. ರಿಜೆಕ್ಟ್," ಎಂದರು. ಬಹುಮಾನ ಪಡೆದ ಕಾರನ್ನು, ಬಹುಮಾನ ಪಡೆದ ವಾರದಲ್ಲೇ, ಅದನ್ನು ಮಾಡಿದವರೇ ರಿಜೆಕ್ಟ್ ಮಾಡಿದ ನಿದರ್ಶನ ಬೇರೆಲ್ಲೂ ಇದ್ದಂತಿಲ್ಲ.

ಹೀಗೆ ಎರಡನೆಯ ಸಲ ಕೆಲಸ ಶುರುವಾಯಿತು. ಹಳೆಯ ಕಾರುಗಳ ಸಂಘದ ಮಹನೀಯರೊಬ್ಬರು ಬೆಂಗಳೂರಿನಿಂದ ಫೋನ್ ಮಾಡಿ, "ಸಾರ್, ನಿಮಗೆ ತಲೆ ಕೆಟ್ಟಿದೆಯಾ?" ಎಂದರು. ಸನ್ಮಾನಿತರು ಸ್ವಲ್ಪ ಯೋಚಿಸಿ, "ಗೊತ್ತಿಲ್ಲ" ಎಂದರು.

ಮೊದಲ ಸಲ ಅವರ ಮುಂದೆ ಕಂಪನಿಯ ಪುಸ್ತಕವಿತ್ತು. ಈ ಸಲ ಪುಸ್ತಕವಿಲ್ಲ, ಅಮ್ಮ ಇದ್ದಾರೆ. ಮೊದಲು ಆವುಲಪ್ಪನನ್ನು ಹುಡುಕಿದೆವು. ಅವನಿಗೂ ಈಗ ವಯಸ್ಸಾಗಿದೆ. "ಯಾವ ಹಸ್ರು ಅಂದ್ರೆ ನಂಗೇನ್ ಗ್ಯಾಪ್ಕ ಸಾ? ಡಬ್ಬದಾಗೆ ಇದ್ದಿದ್ದು ಬಳ್ದೆ, ಡಬ್ಬ ಖಾಲಿಯಾಯ್ತು, ಬಿಟ್ಟೆ" ಎಂದ. ಸನ್ಮಾನಿತರು ತಗಡಿನ ತುಂಡುಗಳಿಗೆ ಬಗೆಬಗೆಯ ಹಸಿರು ಬಳಿಸಿ, ಅಮ್ಮನ ಜಗಲಿಯ ಮೇಲೆ ಸಾಲಾಗಿ ಜೋಡಿಸಿದರು. ಅಮ್ಮ ಎಲೆಅಡಿಕೆ ಹಾಕಿಕೊಂಡು ಒಂದೊಂದನ್ನೇ ನೋಡಿದರು. "ಇದು ಗಿಣಿ. ಇದು ಪಾಚಿ. ಇದು ಯಾವ್ದೋ ಪಾರ್ಟಿದು." ಎಲ್ಲವನ್ನೂ ತಳ್ಳಿಹಾಕಿದರು. ಸನ್ಮಾನಿತರು ಮತ್ತೆ ಬಳಿಸಿ ತಂದರು. ಮತ್ತೆ ತಳ್ಳಿದರು. ಸಭಿಕರೇ, ಬಾಳಿಡೀ ಬೇರೆಯವರ ಮಾಲನ್ನು ವಾಪಸು ಕಳಿಸಿದವರು ನನ್ನ ತಾಯಿಯ ಮುಂದೆ ಕೈಕಟ್ಟಿ ನಿಂತಿದ್ದನ್ನು ನಾನು ನೋಡಿದ್ದೇನೆ. ಕೊನೆಗೆ ಒಂದು ತಗಡನ್ನು ಅಮ್ಮ ಬಿಸಿಲಿಗೆ ಹಿಡಿದು, "ಊಂ. ಹಿಂಗೇ ಅವ್ರೆಕಾಯಿ ಬಣ್ಣ" ಎಂದರು. ಆವುಲಪ್ಪನೇ ಬಂದು ಬ್ರಷ್ಷಿನಲ್ಲಿ ಬಳಿದ. ಬ್ರಷ್ಷಿನ ಗೆರೆ ಕಾಣುವಂತೆ ಬಳಿ ಎಂದು ಸನ್ಮಾನಿತರು ಹೇಳಿದರು. "ಅದುಕ್ಯಾಕೆ ಹೇಳ್ತೀರ ಸಾ, ಅದು ಹಂಗೇ ಬತ್ತದೆ" ಎಂದ.

ಆಮೇಲೆ ತಗ್ಗಿನ ಸರದಿ. ಅಮ್ಮ ಅಂಗೈ ಇಟ್ಟು ಜಾಗ ತೋರಿಸಿದರು. ಸನ್ಮಾನಿತರು ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಸುತ್ತಿಗೆಗೆ ಬಟ್ಟೆ ಸುತ್ತಿ ಎತ್ತಿದರು. ಸುತ್ತಿಗೆ ಮೇಲೆಯೇ ನಿಂತಿತು. ಅದನ್ನು ಕೆಳಗಿಳಿಸಿ, ಬೆವರು ಒರೆಸಿಕೊಂಡು ಮತ್ತೆ ಎತ್ತಿದರು. ಆಗಲಿಲ್ಲ. "ನನ್ನ ಕೈಲಿ ಆಗಲ್ಲ. ನೀನೇ ಹೊಡಿ" ಎಂದು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿಕೊಂಡರು. ನಾನು ಸೇವೆಯಲ್ಲಿದ್ದಷ್ಟು ಕಾಲ ಒಂದು ಮಗುವಿಗೂ ಹೊಡೆದವಳಲ್ಲ. ಆ ಕಾರಿಗೆ ಹೊಡೆದೆ. ಸದ್ದು ಕೇಳಿ ತಿರುಗಿದವರು ತಗ್ಗನ್ನು ಮುಟ್ಟಿ ನೋಡಿ, "ಬೆರಳಗಲ ಮುಂದೆ ಬಿದ್ದೈತೆ" ಎಂದರು.

ಹೊರಗಿನ ಕೆಲಸ ಮುಗಿಯಿತು. ರಬ್ಬರು ಹಾರ್ನು ಮತ್ತೆ ಬಾಗಿಲ ಪಕ್ಕಕ್ಕೆ, ಬೀರುವಿನಲ್ಲಿದ್ದ ಪರದೆ ಮತ್ತೆ ಕಿಟಕಿಗೆ ಬಂತು. ಉಳಿದದ್ದು ಒಳಗಿನ ಸೀಟು. ಅದಕ್ಕೆ ತಾವೇ ಹಾಕಿಸಿದ್ದ ಕಂಪನಿ ಮಾದರಿಯ ಹೊದಿಕೆಯನ್ನು ಸನ್ಮಾನಿತರು ಆಗಲೇ ಕಿತ್ತಿದ್ದರು. ಅಪ್ಪ ಸೀಟಿಗೆ ಏನೋ ಬಟ್ಟೆ ಹೊಲಿಸಿದ್ದರು, ಅದನ್ನು ಕೋಳಿಗಳು ಎಂದೋ ಹರಿದು ಹಾಕಿದ್ದವು. ನನಗೆ ಮಸುಕಾಗಿ ಕೆಂಪು ಎಂದು ನೆನಪು. ಶ್ರೀನಿವಾಸ ಕಂದು ಎಂದ. ಸರಿ, ಅಮ್ಮನನ್ನು ಕೇಳೋಣವೆಂದು ಒಂದು ಸಂಜೆ ಸನ್ಮಾನಿತರು ಜಗಲಿಯ ಮೇಲೆ ಅವರ ಪಕ್ಕ ಕುಳಿತು ಕೇಳಿದರು.

"ಅತ್ತೆ, ಮುಂದಿನ ಸೀಟಿನ ಬಟ್ಟೆ ಯಾವ ಬಣ್ಣ?"

"ನಂಗೇನ್ ಗೊತ್ತು?" ಎಂದರು ಅಮ್ಮ.

"ಹಿಂದಿನ ಸೀಟಿಂದು?"

"ಒಳಗಿಂದು ನಂಗೇನ್ ಗೊತ್ತು ಅಂದ್ನಲ್ಲಪ್ಪಾ. ನಾನು ಯಾವೊತ್ತು ಕೂತಿದ್ದೆ ಅದ್ರಾಗೆ?"

ನಾನು ಹೂವು ಕಟ್ಟುತ್ತಿದ್ದೆ. ಕೈ ನಿಂತಿತು. "ಏನಮ್ಮ ಹಂಗಂದ್ರೆ?" ಎಂದೆ.

ಅಮ್ಮ ಅದನ್ನು ಕೋಪದಿಂದ ಹೇಳಲಿಲ್ಲ. ಇವತ್ತು ಸಾರಿಗೆ ಉಪ್ಪು ಕಡಿಮೆ ಎನ್ನುವಂತೆ ಹೇಳಿದರು. "ಜಾಗ ಎಲ್ಲಿತ್ತೇ? ಯಾವಾಗ್ಲೂ ಜನ. ಮದ್ವೆ ಅಂದ್ರೆ ಮದ್ವೆಯೋರು, ಆಸ್ಪತ್ರೆ ಅಂದ್ರೆ ಆಸ್ಪತ್ರೆಯೋರು. ಎದುರುಮನೆ ಅಂಜಿನಮ್ಮ ಪ್ರತಿ ಹೆರಿಗೆಗೂ ಕಾರಲ್ಲೇ ಹೋದ್ಲು. ನಿನ್ನ ತಮ್ಮ ಹುಟ್ಟಿದ್ದು ಮನೇಲೇ, ಸೂಲಗಿತ್ತಿ ಕೈಲಿ. ನನ್ನ ಕೈ ಮುರಿದಾಗ ನಿಮ್ಮಪ್ಪ ಯಾರ್ದೋ ದಿಬ್ಬಣ ಕರ್ಕೊಂಡು ಹೋಗ್ಬುಟ್ಟಿದ್ದ. ಎತ್ತಿನ ಗಾಡೀಲಿ ಹೋದೆ. ಕೃಷ್ಣಗಿರಿ ಡ್ಯಾಮ್‌ಗೆ ಭಾನುವಾರ ಭಾನುವಾರ ಜನ ಕರ್ಕೊಂಡು ಹೋಗೋನು. ನಂಗೂ ತೋರ್ಸು ಅಂದೆ. ಮುಂದಿನ ವಾರ ಅಂದ. ಆಮೇಲೆ ನಾನೂ ಕೇಳ್ಲಿಲ್ಲ." ಕೊನೆಗೆ, "ನನ್ನ ಸೀರೆ ಮಾತ್ರ ಊರೆಲ್ಲಾ ಸುತ್ತಿ ಬಂತು" ಎಂದು ನಕ್ಕರು.

ಸಭಿಕರೇ, ಬಾನೆಟ್ಟು, ಮಡ್‌ಗಾರ್ಡು, ಹಾರ್ನು, ಚಕ್ರದ ಧೂಳು, ಎಲ್ಲವೂ ಅಮ್ಮನಿಗೆ ಬೆರಳ ತುದಿಯಲ್ಲಿತ್ತು. ಯಾಕೆ ಇರುವುದಿಲ್ಲ? ಅಷ್ಟು ವರ್ಷ ಅವರು ಬಾಗಿಲಲ್ಲಿ ನಿಂತು ಅದು ಹೋಗುವುದನ್ನೂ ಬರುವುದನ್ನೂ ನೋಡಿದವರು. ನಾನು ಅದೇ ಕಾರಿನಲ್ಲಿ ಹೈಸ್ಕೂಲಿಗೆ ಹೋದೆ. ಹೋಗುವಾಗ ಕಿಟಕಿಯಿಂದ ಅವರಿಗೆ ಕೈ ಬೀಸುತ್ತಿದ್ದೆ. ಅವರು ಒಳಗಿಲ್ಲ ಎಂಬುದು ನನಗೆ ಆ ಸಂಜೆಯವರೆಗೂ ಹೊಳೆದಿರಲಿಲ್ಲ. ನನ್ನ ತಂದೆ ದೊಡ್ಡ ಮನುಷ್ಯ. ಈಗಲೂ ಹಾಗೆಯೇ ಹೇಳುತ್ತೇನೆ. ಊರಿನಲ್ಲಿ ಯಾರಿಗೂ ಇಲ್ಲ ಎನ್ನಲಿಲ್ಲ. ಯಾರಿಗೂ.

ಕ್ಷಮಿಸಿ. ಒಂದು ಗುಟುಕು ನೀರು.

ಸನ್ಮಾನಿತರು ಆ ಸಂಜೆ ಸೀಟಿನ ಬಣ್ಣದ ವಿಷಯ ಅಲ್ಲಿಗೇ ಬಿಟ್ಟರು. "ಅತ್ತೆ, ನಾಳೆ ಡ್ಯಾಮ್‌ಗೆ ಹೋಗೋಣ" ಎಂದರು. ಸೀಟಿಗೆ ಬಟ್ಟೆಯೇ ಇಲ್ಲವಲ್ಲ ಎಂದು ನಾನು ನೆನಪಿಸಿದೆ. ಅಳತೆ ಸರಿಯಿಲ್ಲದ ಮುದ್ದೆಯನ್ನೂ ವರದಿ ಮಾಡಿದ ಮನುಷ್ಯ, "ಬೆಡ್‌ಶೀಟ್ ಹಾಸು" ಎಂದರು.

ಮಾರನೆಯ ದಿನ ಅಮ್ಮ ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ನಾನು ಹಿಂದೆ, ಪರದೆಯ ಪಕ್ಕ. ಹೆದ್ದಾರಿಯಲ್ಲಿ ಲಾರಿಗಳು ನಮ್ಮನ್ನು ಬೈದುಕೊಂಡು ಮುಂದೆ ಹೋದವು. ಶೂಳಗಿರಿಯಲ್ಲಿ ಇಡ್ಲಿ ತಿಂದೆವು. ಅಮ್ಮನ ಇಡ್ಲಿ ಕಾರಿಗೇ ಬಂತು, ಏಕೆಂದರೆ ಅವರು ಇಳಿಯಲು ಒಪ್ಪಲಿಲ್ಲ. ಡ್ಯಾಮಿನ ಹತ್ತಿರವೂ ಇಳಿಯಲಿಲ್ಲ. ಗಾಜಿನಾಚೆ ಒಂದು ಗಳಿಗೆ ನೋಡಿ, "ಇಷ್ಟೇನಾ? ನೀರೇ ಇಲ್ವಲ್ಲ" ಎಂದರು. ಅವರ ಮುಖದಲ್ಲಿ ನಿರಾಸೆ ಇರಲಿಲ್ಲ. ನೀರು ನೋಡಲು ಬಂದವರ ಮುಖವೇ ಅಲ್ಲ ಅದು. ವಾಪಸು ಊರ ಬೀದಿಗೆ ತಿರುಗುವಾಗ ಮಾತ್ರ, "ಅಳಿಯಂದ್ರೆ, ಅಂಜಿನಮ್ಮನ ಮನೆ ಮುಂದೆ ಒಸಿ ನಿಧಾನ" ಎಂದರು. ಸನ್ಮಾನಿತರು ನಿಧಾನ ಮಾಡಿದರು. ಅಮ್ಮ ಅವರ ಮುಂದೆ ಬಗ್ಗಿ, ಅವರ ಕಡೆಯ ಕಿಟಕಿಯಿಂದ ಕೈ ಹಾಕಿ ರಬ್ಬರು ಹಾರ್ನನ್ನು ತಾವೇ ಒತ್ತಿದರು. ಅಂಜಿನಮ್ಮ ಹೊರಗೆ ಬರುವವರೆಗೂ ಒತ್ತಿದರು.

ದಾರಿಯುದ್ದಕ್ಕೂ ಸನ್ಮಾನಿತರ ಕಣ್ಣು ರಸ್ತೆಯ ಮೇಲಿದ್ದದ್ದಕ್ಕಿಂತ ಹೆಚ್ಚಾಗಿ ಅಮ್ಮನ ಬಲಗೈ ಮೇಲಿತ್ತು. ಪ್ರತಿ ತಿರುವಿನಲ್ಲೂ ಆ ಕೈ ಹಿಡಿದುಕೊಳ್ಳಲು ಏನನ್ನೋ ಹುಡುಕುತ್ತಿತ್ತು. ಕಾರಿನಲ್ಲಿ ಅಂಥದ್ದೇನೂ ಇಲ್ಲ. ಮುದುಕಿಯರು ಡ್ಯಾಮ್ ನೋಡಲು ಹೋಗುತ್ತಾರೆಂದು ಕಾರ್ಖಾನೆಯವರು ಎಣಿಸಿರಲಿಲ್ಲ. ಅಪ್ಪನೂ ಎಣಿಸಿರಲಿಲ್ಲ. ಮರುದಿನ ಸನ್ಮಾನಿತರು ಹಿತ್ತಾಳೆಯ ಒಂದು ಹಿಡಿಯನ್ನು ತಂದು, ಅಮ್ಮ ಕೂತಿದ್ದ ಸೀಟಿನ ಎದುರಿನ ಡ್ಯಾಶ್‌ಬೋರ್ಡಿಗೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಡ್ರಿಲ್ಲಿಂಗ್ ಮೆಷಿನ್ನನ್ನು ಕೈಗೆತ್ತಿಕೊಂಡರು. ಯಾವ ನಕ್ಷೆಯಲ್ಲೂ ಇಲ್ಲದ, ಯಾರ ನೆನಪಿನಲ್ಲೂ ಇಲ್ಲದ ಜಾಗದಲ್ಲಿ, ಈ ಸಲ ಗೋಡೆಯ ಕಡೆ ತಿರುಗದೆ, ತೂತು ಕೊರೆದರು.

ಹಿಡಿಯನ್ನು ಬಿಗಿದು ತೊರಪಲ್ಲಿಗೆ ಕೊಂಡೊಯ್ದೆವು. ಅಮ್ಮ ಒಳಗೆ ಕುಳಿತು, ಅದನ್ನು ಎರಡೂ ಕೈಯಿಂದ ಹಿಡಿದು, ಕೀಳುವವರಂತೆ ಜಗ್ಗಿ ನೋಡಿದರು. ಅದು ಅಲುಗಲಿಲ್ಲ.

"ಗಟ್ಟಿಗೈತೆ," ಎಂದರು. ಕೋಲನ್ನು ಹಿಂದಿನ ಸೀಟಿನಲ್ಲಿದ್ದ ನನ್ನ ಕಡೆಗೆ ಎಸೆದು, "ನಡೀರಿ" ಎಂದರು.

ಎಲ್ಲಿಗೆ ಎಂದು ಸನ್ಮಾನಿತರು ಕೇಳಲಿಲ್ಲ. ಗೇರು ಹಾಕಿದರು.

ಅಡುಗೆಯವರು ಎಲೆ ಹಾಕಿ ಆಗಿದೆ ಎಂದು ಕಾರ್ಯದರ್ಶಿಗಳು ಸನ್ನೆ ಮಾಡುತ್ತಿದ್ದಾರೆ. ಇಷ್ಟು ಹೊತ್ತು ಹಸಿವು ತಡೆದುಕೊಂಡು ಕೇಳಿದ ನಿಮಗೆ, ಮಾತಾಡಲು ಮೈಕು ಕೊಟ್ಟ ಬಳಗಕ್ಕೆ, ಮಧ್ಯೆ ಒಮ್ಮೆಯೂ ತಿದ್ದದೆ ಸುಮ್ಮನೆ ಕುಳಿತಿದ್ದ ನನ್ನ ಗಂಡನಿಗೆ ವಂದನೆಗಳು. ಎಲ್ಲರಿಗೂ ನಮಸ್ಕಾರ.